ಎಲೆಗೊಂದು ತೂತಿರಲಿ

ಕಾಪುವಿನ ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ಒಂದು ಬೇವಿನ ಸೊಪ್ಪಿನ ಗಿಡ ಉಂಟು. ಘಟ್ಟದ ಮೇಲಿನವರು ಕರಿಬೇವು ಎನ್ನುತ್ತಾರಲ್ಲ, ಒಗ್ಗರಣೆಗೆ ಬೀಳುವ ಸೊಪ್ಪು, ಅದು. ಕಡಲಿನ ಉಪ್ಪುಗಾಳಿ ಕುಡಿದು ಈ ಗಿಡ ಆಳೆತ್ತರ ಬೆಳೆದದ್ದೇ ದೊಡ್ಡ ಸಂಗತಿ. ನಮ್ಮ ಮನೆಯಾಕೆ ಅದರ ಬುಡಕ್ಕೆ ದಿನಾ ಹುಳಿಮಜ್ಜಿಗೆ ಎರೆಯುತ್ತಾಳೆ. ಎರೆಯುವಾಗ ಆಕೆಯ ಮುಖದಲ್ಲಿ ಕಾಣುವ ವಾತ್ಸಲ್ಯವನ್ನು ನನ್ನ ಬಾಳೆಗೆ ಮಜ್ಜಿಗೆ ಬಡಿಸುವಾಗ ನಾನು ಕಂಡವನಲ್ಲ. ಅದರ ಬಗ್ಗೆ ದೂರಿಲ್ಲ. ಗಿಡ ಒಗ್ಗರಣೆಗೆ ಸೊಪ್ಪು ಕೊಡುತ್ತದೆ, ನಾನು ಏನು ಕೊಡುತ್ತೇನೆ?

ಮಳೆ ಹಿಂದೆ ಸರಿಯುತ್ತಿದ್ದ ಹೊತ್ತು. ಒಂದು ಬೆಳಿಗ್ಗೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಎಂದು ಗೊಣಗುತ್ತ ಆಕೆ ಕಡ್ಡಿಯಿಂದ ಅದನ್ನು ಕೆಡವಲು ಹೋದಳು. ಹಿಕ್ಕೆ ಮುಂದಕ್ಕೆ ನಡೆಯಿತು. ಆಕೆ ಕೂಗಿದ್ದು ಕೇಳಿ ನಾನು ಓಡಿ ಬಂದೆ. ಕಡ್ಡಿಯಿಂದ ಇನ್ನೊಮ್ಮೆ ಮುಟ್ಟಿದ್ದೇ ತಡ, ಹಿಕ್ಕೆ ತಲೆಯೆತ್ತಿತು, ಕುತ್ತಿಗೆಯ ಹಿಂದಿನಿಂದ ಕೆಂಪಗಿನ ಕವಲುಕೊಂಬೊಂದನ್ನು ಹೊರಗೆ ಚಾಚಿತು. ಕೊಳೆತ ಲಿಂಬೆಹಣ್ಣಿನ ವಾಸನೆ ಗುಪ್ಪೆಂದು ಮೂಗಿಗೆ ಬಡಿಯಿತು. ನಾವಿಬ್ಬರೂ ಎರಡು ಹೆಜ್ಜೆ ಹಿಂದೆ ಹೋದೆವು. ನನ್ನ ಕಿರುಬೆರಳಿನ ಅರ್ಧದಷ್ಟೂ ಇಲ್ಲದ ಪ್ರಾಣಿ! ಸರ್ಕಾರಿ ನೌಕರಿಯಲ್ಲಿ ಮೇಲಧಿಕಾರಿಗಳನ್ನು ಎದುರಿಸಿದವನೆಂದು ಊರಲ್ಲಿ ನನಗೊಂದು ಹೆಸರಿತ್ತು.

ನೆರೆಮನೆಯವರು ಬೇಲಿಯಾಚೆಯಿಂದಲೇ, “ಮದ್ದು ಬಿಡಿ ಮಾರಾಯ್ರೇ, ಎರಡು ದಿನದಲ್ಲಿ ಕ್ಲೀನ್” ಎಂದರು. ಮದ್ದು ಬಿಟ್ಟ ಸೊಪ್ಪನ್ನು ಸಾರಿಗೆ ಹಾಕುವುದು ಹೇಗೆ ಎಂದು ನಾವು ಯೋಚಿಸುತ್ತಿರುವಾಗ ಮಣಿಪಾಲದಲ್ಲಿರುವ ತಂಗಿಯ ಮಗಳಿಗೆ ಫೋಟೋ ಹೋಯಿತು. ಅವಳು ಓದುತ್ತಿರುವುದು ಬೇರೇನೋ. ಆದರೆ ಬಿಡುವಿದ್ದಾಗಲೆಲ್ಲ ಅಲ್ಲಿನ ಎಂಡ್ ಪಾಯಿಂಟ್ ಎಂಬಲ್ಲಿಗೆ ಹೋಗಿ ಪೊದೆಗೆ ಕ್ಯಾಮೆರಾ ಹಿಡಿದು ಕೂರುವ ಪೈಕಿ. ಮರುಕ್ಷಣವೇ ಫೋನು ಬಂತು. “ಮಾವ, ಮುಟ್ಟಬೇಡಿ. ಅದು ಕಾಮನ್ ಮಾರ್ಮನ್. ಇನ್ನು ಸ್ವಲ್ಪ ದಿನದಲ್ಲಿ ಹಸಿರಾಗುತ್ತದೆ, ಆಮೇಲೆ ಕೋಶ ಕಟ್ಟುತ್ತದೆ, ಆಮೇಲೆ ಚಿಟ್ಟೆ.” “ಅಷ್ಟರ ತನಕ ನಮ್ಮ ಸಾರಿಗೆ?” ಎಂದು ಮನೆಯಾಕೆ ಹಿಂದಿನಿಂದ ಕೇಳಿದಳು. “ಅತ್ತೆ, ಅಂಗಡಿಯಲ್ಲಿ ಹತ್ತು ರೂಪಾಯಿಗೆ ಕಟ್ಟು ಸಿಗುತ್ತದೆ.” ಬೇಲಿಯೊಳಗಿನ ಗಿಡ ಹುಳಕ್ಕೆ, ದುಡ್ಡು ಕೊಟ್ಟ ಸೊಪ್ಪು ನಮಗೆ ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಮಣಿಪಾಲದಲ್ಲಿ, ಅನುಭವಿಸಿದವರು ಕಾಪುವಿನಲ್ಲಿ. ಆಡಳಿತ ಎಂದರೆ ಎಲ್ಲ ಕಡೆಯೂ ಹೀಗೆಯೇ.

ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ರಜೆಯಲ್ಲಿ ನಮ್ಮನ್ನು ಬೆಳುವಾಯಿಗೆ ಹೊರಡಿಸಿದಳು. ಕಾರ್ಕಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಬೆಳುವಾಯಿ ಸಿಗುತ್ತದೆ. ಅಲ್ಲಿ ಸಮ್ಮಿಲನ್ ಶೆಟ್ಟಿ ಎಂಬವರು ತಮ್ಮ ಸ್ವಂತ ಜಾಗದಲ್ಲಿ, 7.35 ಎಕ್ರೆಯಲ್ಲಿ, ಚಿಟ್ಟೆಗಳಿಗೋಸ್ಕರ ಒಂದು ಪಾರ್ಕು ಮಾಡಿದ್ದಾರೆ. 2011ರಲ್ಲಿ ಕೆಲಸ ಶುರುವಾಯಿತು, 2013ರಲ್ಲಿ ಐಸಾಕ್ ಕೆಹಿಮ್ಕರ್ ಬಂದು ಉದ್ಘಾಟಿಸಿದರು. ಕೆಹಿಮ್ಕರ್ ಎಂದರೆ ಭಾರತದ ಚಿಟ್ಟೆಗಳ ಬಗ್ಗೆ ದಪ್ಪ ಪುಸ್ತಕ ಬರೆದು ದೇಶಕ್ಕೆಲ್ಲ ಚಿಟ್ಟೆಯ ಹುಚ್ಚು ಹಿಡಿಸಿದವರು. ನಮ್ಮ ಕಡೆಯ ಜನ ಎಕ್ರೆ ಜಾಗ ಕಂಡರೆ ಮೊದಲು ಅಡಿಕೆ, ಆಮೇಲೆ ರಬ್ಬರು, ಆಮೇಲೆ ಸೈಟು ಎಂದು ಲೆಕ್ಕ ಹಾಕುವವರು. ಅಂಥಲ್ಲಿ ಒಬ್ಬರು ಹುಳಕ್ಕೆ ಬೇಕಾದ ಗಿಡ ನೆಟ್ಟು ಕೂತರೆಂದರೆ, ಆರಂಭದ ದಿನಗಳಲ್ಲಿ ನೆಂಟರಿಷ್ಟರು ಏನೆಲ್ಲ ಹೇಳಿರಬಹುದೆಂದು ಊಹಿಸಲು ನನಗೆ ಕಷ್ಟವಿಲ್ಲ. ನನಗೂ ನೆಂಟರಿದ್ದಾರೆ.

ಪಡುಬಿದ್ರಿಯಲ್ಲಿ ತಿರುಗಿ, ಬೆಳ್ಮಣ್ಣು, ನಿಟ್ಟೆ ದಾಟಿ ಕಾರ್ಕಳ ಸೇರುವಷ್ಟರಲ್ಲಿ ಮನೆಯಾಕೆಗೆ ಗೊಮ್ಮಟನನ್ನು ನೋಡದೆ ಮುಂದೆ ಹೋಗಬಾರದು ಎನಿಸಿತು. 1432ರಿಂದ ಅಲ್ಲೇ ನಿಂತಿರುವ 42 ಅಡಿ ಎತ್ತರದ ಬಾಹುಬಲಿ ಇನ್ನೊಂದು ದಿನಕ್ಕೆ ಎಲ್ಲಿಗೂ ಹೋಗುವುದಿಲ್ಲ, ಚಿಟ್ಟೆ ಹಾಗಲ್ಲ, ಬಿಸಿಲೇರಿದರೆ ಕೈಗೆ ಸಿಗುವುದಿಲ್ಲ ಎಂದು ಸೊಸೆ ವಾದಿಸಿದಳು. ಆಕೆಯನ್ನು ಸೊಸೆ ಎಂದದ್ದಕ್ಕೆ ಗಾಬರಿಯಾಗಬೇಡಿ. ನಮ್ಮಲ್ಲಿ ತಂಗಿಯ ಮಗಳು ಸೊಸೆಯೇ. ಆದರೂ ನಾವು ಬೆಟ್ಟ ಹತ್ತಿದೆವು. ಗೊಮ್ಮಟನ ಕಾಲಬುಡದಿಂದ ಮೇಲಕ್ಕೆ ಹಬ್ಬಿದ ಕಲ್ಲುಬಳ್ಳಿಯನ್ನು ನೋಡುತ್ತ ಆ ಹುಡುಗಿ, “ಅಲುಗಾಡದೆ ನಿಂತರೆ ಗಿಡಬಳ್ಳಿಗೆ ಎಷ್ಟು ಉಪಕಾರ ನೋಡಿ ಮಾವ” ಎಂದಳು. ಇದು ನನ್ನ ನಿವೃತ್ತ ಜೀವನದ ಸಮರ್ಥನೆಯೋ, ಟೀಕೆಯೋ ತಿಳಿಯಲಿಲ್ಲ.

ಬೆಳುವಾಯಿಯಲ್ಲಿ ಇಳಿದಾಗ ನಾನು ಹುಡುಕಿದ್ದು ಗಾಜಿನ ಮನೆಯನ್ನು. ಚಿಟ್ಟೆಮನೆ ಎಂದ ಮೇಲೆ ಮಾಡು ಬೇಡವೇ, ಗೋಡೆ ಬೇಡವೇ? ಅಲ್ಲಿ ಎರಡೂ ಇಲ್ಲ. ಬಲೆಯಿಲ್ಲ, ಬಾಗಿಲಿಲ್ಲ. ಮುರಕಲ್ಲಿನ ನೆಲ, ಸಣ್ಣ ಕಾಲುದಾರಿ, ಎಡಬಲಕ್ಕೆ ಗಿಡ, ಬಳ್ಳಿ, ಪೊದೆ. ಚಿಟ್ಟೆಗೆ ಬರಬೇಕೆನಿಸಿದರೆ ಬರುತ್ತದೆ, ಹೋಗಬೇಕೆನಿಸಿದರೆ ಹೋಗುತ್ತದೆ. ಹೀಗೆ ಬಿಟ್ಟರೂ ಅಲ್ಲಿ ಗುರುತಿಸಿದ ಜಾತಿಗಳು ಸುಮಾರು 150. ಇಡೀ ಪಶ್ಚಿಮ ಘಟ್ಟದಲ್ಲಿರುವುದು 330ಕ್ಕೂ ಸ್ವಲ್ಪ ಹೆಚ್ಚು ಎನ್ನುವಾಗ, ಒಂದು ಖಾಸಗಿ ಜಾಗದ ಮಟ್ಟಿಗೆ ಇದು ಸಣ್ಣದಲ್ಲ.

ಗಾಜಿನ ಮನೆ ನೋಡಲೇಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಬನ್ನೇರುಘಟ್ಟದ ಪ್ರಾಣಿ ಉದ್ಯಾನದಲ್ಲಿ 2006ರ ನವೆಂಬರಿನಲ್ಲಿ ಚಿಟ್ಟೆ ಪಾರ್ಕು ತೆರೆಯಿತು, ದೇಶದಲ್ಲೇ ಮೊದಲನೆಯದು. ಅದಕ್ಕೂ ಸಿಕ್ಕಿದ ಜಾಗ ಹೆಚ್ಚುಕಡಿಮೆ ಇಷ್ಟೇ, ಏಳೂವರೆ ಎಕ್ರೆ. ಅದರ ನಡುವೆ ಪಾಲಿಕಾರ್ಬೊನೇಟ್ ಹೊದಿಸಿದ ಗುಂಡಗಿನ ಗುಮ್ಮಟ, 10,000 ಚದರ ಅಡಿ. ಒಳಗೆ ತೇವ, ಸಣ್ಣ ಜಲಪಾತ, ಹೂಗಿಡ, ನಡುವೆ ಹಾದು ಹೋಗುವ ದಾರಿ. ಮಗನ ಮನೆಗೆ ಬೆಂಗಳೂರಿಗೆ ಹೋದಾಗ ನಾವು ಅದನ್ನೂ ನೋಡಿದ್ದೇವೆ. ಹುಲಿ, ಸಿಂಹ ನೋಡಲು ಬಸ್ಸಿನೊಳಗೆ ನಮ್ಮನ್ನು ಕೂಡಿಹಾಕಿ ಕರೆದುಕೊಂಡು ಹೋಗುತ್ತಾರೆ, ಚಿಟ್ಟೆ ನೋಡಲು ಚಿಟ್ಟೆಯನ್ನೇ ಕೂಡಿಹಾಕುತ್ತಾರೆ. ಯಾರಿಂದ ಯಾರಿಗೆ ಅಪಾಯವೆಂದು ಅಲ್ಲಿಯವರಿಗೆ ಚೆನ್ನಾಗಿ ಗೊತ್ತಿದೆ.

ತಮಾಷೆ ಇರಲಿ, ಆ ಗುಮ್ಮಟದಲ್ಲಿ ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಹಾರುವುದು ನಮ್ಮ ನಾಡಿನ ಚಿಟ್ಟೆಗಳೇ. ಇದರಲ್ಲೇನು ವಿಶೇಷ ಎನ್ನಬೇಡಿ. ಲೋಕದ ಚಿಟ್ಟೆಮನೆಗಳ ಸಮಾಚಾರವೇ ಬೇರೆ. 1970ರ ದಶಕದಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಗರ್ನ್ಸಿ ಎಂಬ ದ್ವೀಪದಲ್ಲಿ ಡೇವಿಡ್ ಲೋ ಎಂಬಾತ, ಟೊಮೆಟೊ ಬೆಳೆಯುತ್ತಿದ್ದ ಹಸಿರುಮನೆಗಳಲ್ಲಿ ಚಿಟ್ಟೆ ಬಿಟ್ಟು ಟಿಕೆಟು ಮಾರಿದ. ಟೊಮೆಟೊಗಿಂತ ಚಿಟ್ಟೆಗೆ ಗಿರಾಕಿ ಹೆಚ್ಚು ಸಿಕ್ಕಿತು. ಅಲ್ಲಿಂದ ಅದು ಯುರೋಪು, ಅಮೆರಿಕಗಳಿಗೆ ಹಬ್ಬಿತು. ಆ ಮನೆಗಳಿಗೆಲ್ಲ ಚಿಟ್ಟೆ ಎಲ್ಲಿಂದ? ಕೋಸ್ಟರಿಕಾ, ಫಿಲಿಪ್ಪೀನ್ಸ್ ಮುಂತಾದ ಕಡೆಗಳಲ್ಲಿ ಸಾಕಿ, ಕೋಶಾವಸ್ಥೆಯಲ್ಲಿರುವಾಗಲೇ ಹತ್ತಿಯ ಮೆತ್ತೆಯಲ್ಲಿಟ್ಟು ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ವಿಮಾನದಲ್ಲಿ ನಿದ್ದೆ ಮಾಡುತ್ತ ಬಂದ ಕೋಶ ಚಳಿದೇಶದ ಗಾಜಿನ ಮನೆಯಲ್ಲಿ ಒಡೆಯುತ್ತದೆ. ರೆಕ್ಕೆ ಬಿಚ್ಚಿದ ಚಿಟ್ಟೆ ಹೂರಸ ಕುಡಿದು, ಮಕ್ಕಳ ಕೈಮೇಲೆ ಕೂತು, ವಾರ ಎರಡು ವಾರದಲ್ಲಿ ಮುಗಿಯುತ್ತದೆ. ಮತ್ತೆ ಹೊಸ ಪೆಟ್ಟಿಗೆ. ನೋಡಲು ಚಂದ, ಆದರೆ ಆ ಊರಿನ ಚಿಟ್ಟೆಗೆ ಅದರಿಂದ ನೇರವಾಗಿ ಏನೂ ಆಗಲಿಲ್ಲ. ಬನ್ನೇರುಘಟ್ಟದ ಗುಮ್ಮಟಕ್ಕೆ ಇಂಥ ಪೆಟ್ಟಿಗೆ ಬೇಕಾಗಿಲ್ಲ. ಅಲ್ಲೇ ಮೊಟ್ಟೆಯಿಂದ ಹುಳ, ಹುಳದಿಂದ ಕೋಶ ಎಂದು ಬೆಳೆಸುತ್ತಾರೆ, ಅದಕ್ಕಾಗಿ ಗಿಡವನ್ನೂ ಬೆಳೆಸುತ್ತಾರೆ.

ಈ ಗಿಡದ ವಿಷಯವೇ ವಿಷಯ. ಚಿಟ್ಟೆ ಎಂಬ ಜೀವಿಗೆ ಹೂವಿನ ಬಗ್ಗೆ ಅಷ್ಟೇನೂ ಹಟವಿಲ್ಲ. ನಮ್ಮ ಕೇಪುಳವಾದರೂ ಆಯಿತು, ರಥಪುಷ್ಪವಾದರೂ ಆಯಿತು, ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಗುಡ್ಡಗಳನ್ನೆಲ್ಲ ನುಂಗಿದ ಲಂಟಾನವಾದರೂ ಆದೀತು. ಸೊಂಡಿಲು ಇಳಿಯುವಷ್ಟು ಆಳ, ಒಳಗೆ ಒಂದಿಷ್ಟು ಸಿಹಿ ಇದ್ದರೆ ಸಾಕು. ಮೊಟ್ಟೆ ಇಡುವಾಗ ಮಾತ್ರ ಅದೇ ಚಿಟ್ಟೆ ಬೇರೆಯೇ ಆಗಿಬಿಡುತ್ತದೆ. ಹೆಣ್ಣುಚಿಟ್ಟೆ ಎಲೆಯಿಂದ ಎಲೆಗೆ ಹಾರಿ, ಮುಂಗಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ನೋಡುತ್ತದೆ. ಅದರ ರುಚಿ ಇರುವುದು ಕಾಲಿನಲ್ಲಿ. ತಟ್ಟಿದ ಎಲೆ ತನ್ನ ಮರಿ ತಿನ್ನುವಂಥದ್ದಲ್ಲವೆಂದು ತಿಳಿದರೆ ಎಷ್ಟು ಚಂದದ ಗಿಡವಾದರೂ ಅಲ್ಲಿ ಮೊಟ್ಟೆ ಬೀಳುವುದಿಲ್ಲ. ಮೊಟ್ಟೆಯೊಡೆದು ಬಂದ ಹುಳವೂ ತಾಯಿಗಿಂತ ಒಂದು ಕೈ ಮೇಲು. ನಮ್ಮ ದೊಡ್ಡಮ್ಮ ಮಡಿಯವರು. ಮದುವೆ ಮುಂಜಿಗೆ ಹೋದರೂ ತಮ್ಮ ಅಡುಗೆ ತಾವೇ ಮಾಡಿಕೊಂಡು ಉಣ್ಣುವವರು, ಆಗದಿದ್ದರೆ ಬಾಳೆಹಣ್ಣು ತಿಂದು ರಾತ್ರಿ ಕಳೆಯುವವರು. ಆದರೆ ಅವರು ಬಾಳೆಹಣ್ಣನ್ನಾದರೂ ತಿನ್ನುತ್ತಾರೆ. ಈ ಹುಳಕ್ಕೆ ಅದೂ ಆಗದು. ತನ್ನ ಎಲೆ ಸಿಗದಿದ್ದರೆ ಉಪವಾಸ ಬಿದ್ದು ಸಾಯುತ್ತದೆ, ಪಕ್ಕದ ಎಲೆಗೆ ಬಾಯಿ ಹಾಕುವುದಿಲ್ಲ.

ಬೆಳುವಾಯಿಯಲ್ಲಿ ಗಿಡಗಿಡದ ಮುಂದೆ ನಿಲ್ಲಿಸಿ ನನ್ನ ಸೊಸೆ ಈ ಮಡಿಯ ಪಟ್ಟಿಯನ್ನು ಬಾಯಿಪಾಠ ಮಾಡಿಸಿದಳು. ಎಕ್ಕದ ಗಿಡ ಪ್ಲೇನ್ ಟೈಗರಿಗೆ. ಕಣಗಿಲೆ ಕಾಮನ್ ಕ್ರೋ ಎಂಬ ಕಪ್ಪು ಚಿಟ್ಟೆಗೆ; ಅದರ ಕೋಶ ಬೆಳ್ಳಿಯ ತಗಡಿನಿಂದ ಮಾಡಿದಂತೆ ಥಳಥಳಿಸುತ್ತದೆ. ಮಾವಿನ ಮರದಲ್ಲಿ ಬಂದಳಿಕೆ ಕಂಡರೆ ನಾವು ಕತ್ತಿ ಹುಡುಕುತ್ತೇವೆ. ಕಾಮನ್ ಜೆಜೆಬೆಲ್ ಮೊಟ್ಟೆ ಇಡಲು ಹುಡುಕುವುದೂ ಅದನ್ನೇ. ಇನ್ನು ಕಾಮನ್ ಬ್ಯಾರನ್‌ಗೆ ಮಾವಿನ ಎಲೆ ಇಷ್ಟ. ಅದರ ಹುಳ ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿ, ಮೈಯ ಎರಡೂ ಬದಿಗೆ ಗರಿಯಂಥ ಹಸಿರು ಮುಳ್ಳು ಹರಡಿ ಎಲೆಯೇ ಆಗಿಬಿಡುತ್ತದೆ. “ನೋಡಿ ಮಾವ, ಇಲ್ಲೇ ಉಂಟು” ಎಂದು ಅವಳು ಬೆರಳು ತೋರಿಸಿದಳು. ಕನ್ನಡಕ ಒರೆಸಿ ನೋಡಿದೆ, ತೆಗೆದು ನೋಡಿದೆ, ಹಾಕಿ ನೋಡಿದೆ. ಕೊನೆಗೆ “ಹಾಂ, ಕಂಡಿತು ಕಂಡಿತು” ಎಂದೆ. ದೇವರ ದರ್ಶನಕ್ಕೆ ಸಾಲಿನಲ್ಲಿ ನಿಂತಾಗಲೂ ಎಷ್ಟೋ ಸಲ ಹೀಗೇ ಹೇಳಿ ಮುಂದೆ ಸರಿದಿದ್ದೇನೆ.

ಈ ಪಟ್ಟಿಯಲ್ಲಿ ನನಗೆ ಖುಷಿ ಕೊಟ್ಟದ್ದು ನಮ್ಮ ಅಡುಗೆಮನೆಯ ಸಾಮಾನು ಅರ್ಧಕ್ಕರ್ಧ ಅದರಲ್ಲಿ ಸಿಕ್ಕಿದ್ದು. ಆಟಿ ತಿಂಗಳಲ್ಲಿ ಹಲಸಿನ ಬೀಜ ಹಾಕಿ ಪಲ್ಯ ಮಾಡುವ ತಜಂಕ್ ಸೊಪ್ಪು ಉಂಟಲ್ಲ, ದಾರಿಬದಿಯ ಆ ತಗಟೆಯನ್ನೇ ಮಾಟಲ್ಡ್ ಎಮಿಗ್ರೆಂಟ್ ಎಂಬ ಬಿಳಿಹಸಿರು ಚಿಟ್ಟೆಯ ಹುಳವೂ ತಿನ್ನುತ್ತದೆ. ನಾಗರಪಂಚಮಿಗೆ ಗಟ್ಟಿ ಬೇಯಿಸುವ ಅರಸಿನದ ಎಲೆ ಗ್ರಾಸ್ ಡೀಮನ್‌ನ ಹುಳಕ್ಕೆ ಊಟವೂ ಹೌದು, ಮನೆಯೂ ಹೌದು. ಎಲೆಯನ್ನು ಸುರುಳಿ ಸುತ್ತಿ ಅದರೊಳಗೇ ಕೂತು ತಿನ್ನುತ್ತದೆ. ಸಣ್ಣವರಿದ್ದಾಗ ಅರಸಿನದ ಎಲೆ ಕೊಯ್ಯಲು ಹೋದರೆ ಮಡಚಿದ ಎಲೆಯನ್ನು ಬಿಟ್ಟು ಬರಬೇಕೆಂದು ಅಮ್ಮ ಹೇಳುತ್ತಿದ್ದರು. ಗಟ್ಟಿಗೆ ಹುಳ ಬೀಳಬಾರದೆಂಬ ಕಾಳಜಿಯೇ ಇರಬಹುದು, ಆದರೆ ಹುಳಕ್ಕೂ ಅದರಿಂದ ಲಾಭವಾಯಿತು. ಕೊಂಕಣಿ ನೆರೆಯವರು ಅಡುಗೆಗೆ ಹಾಕುವ ತೆಪ್ಪಳ, ನಮ್ಮ ಜುಮ್ಮನಕಾಯಿ, ಮೈತುಂಬ ಮುಳ್ಳಿರುವ ಮರ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಣಸಿಗದ ಮಲಬಾರ್ ಬ್ಯಾಂಡೆಡ್ ಪೀಕಾಕ್ ಎಂಬ ನೀಲಿಹಸಿರಿನ ಸುಂದರಿ ಮೊಟ್ಟೆ ಇಡುವುದು ಅದರ ಮೇಲೆ. ಕೇರಳದವರು ಅವಳನ್ನು ತಮ್ಮ ರಾಜ್ಯದ ಚಿಟ್ಟೆ ಮಾಡಿಕೊಂಡಿದ್ದಾರೆ.

ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ದಕ್ಷಿಣದ ಕಾಡುಗಳದ್ದೇ ಜಾತಿ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಬಂಗಾರದ ಹಳದಿ, ಮರದ ನೆತ್ತಿಯ ಮಟ್ಟದಲ್ಲಿ ಹಾರುವಾಗ ಹಕ್ಕಿಯೆಂದೇ ತಿಳಿಯಬೇಕು. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ ಒಂದು ಬರ್ಡ್‌ವಿಂಗ್‌ನ ರೆಕ್ಕೆಯಗಲ 190 ಮಿಲಿಮೀಟರ್; ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಕಿರೀಟ 88 ವರ್ಷ ನಮ್ಮದೇ ತಲೆಯ ಮೇಲಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಅಳತೆ ಕೊಟ್ಟು ಅದನ್ನು ಕಸಿದುಕೊಂಡಿತು. ನಾಲ್ಕು ಮಿಲಿಮೀಟರಿನಲ್ಲಿ ಹೋಯಿತು! ಪಂಚಾಯತಿ ಚುನಾವಣೆಯಲ್ಲಿ ಇಷ್ಟೇ ಅಂತರದಲ್ಲಿ ಸೋತವರು ಮರುಎಣಿಕೆ ಕೇಳುವುದನ್ನು ನಾನು ಕಂಡಿದ್ದೇನೆ. ನಮ್ಮ ಚಿಟ್ಟೆ ಕೇಳಿಲ್ಲ. ಅದಕ್ಕೆ ಬೇಕಾಗಿರುವುದು ಕಿರೀಟವಲ್ಲ, ಈಶ್ವರಿ ಬಳ್ಳಿ.

ಈಶ್ವರಿ ಬಳ್ಳಿ ಗೊತ್ತಲ್ಲ? ಹಾವಿನ ವಿಷಕ್ಕೆ ಮದ್ದೆಂದು ಹಳಬರು ನಂಬಿ, ಬೇರು ಅಗೆದು ಅಗೆದು, ಈಗ ಹುಡುಕಿದರೂ ಸುಲಭಕ್ಕೆ ಸಿಗದ ಬಳ್ಳಿ. ಬರ್ಡ್‌ವಿಂಗ್ ಹುಳ ಅದನ್ನೂ ಅದರ ಹತ್ತಿರದ ನೆಂಟರನ್ನೂ ಬಿಟ್ಟರೆ ಬೇರೇನನ್ನೂ ತಿನ್ನುವುದಿಲ್ಲ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಎರಡು ಕೆಂಪುಮೈಯ ಚಿಟ್ಟೆಗಳ ಮಕ್ಕಳಿಗೂ ಅದೇ ಊಟ. ಬಳ್ಳಿಯಲ್ಲಿರುವ ನಂಜು ಹುಳದ ಮೈಗೆ ಸೇರುತ್ತದೆ, ಹುಳದಿಂದ ಚಿಟ್ಟೆಗೆ ಬರುತ್ತದೆ. ಒಮ್ಮೆ ತಿಂದ ಹಕ್ಕಿ ಇನ್ನೊಮ್ಮೆ ಮುಟ್ಟುವುದಿಲ್ಲ. ಹೀಗೆ ಕಷ್ಟಪಟ್ಟು ನಂಜು ಸಂಪಾದಿಸುವವರು ಒಂದು ಕಡೆ. ಇನ್ನೊಂದು ಕಡೆ ನಮ್ಮ ಬಾವಿಕಟ್ಟೆಯ ಕಾಮನ್ ಮಾರ್ಮನ್. ಅದರ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸಿನ ವೇಷ ಹಾಕುತ್ತವೆ, ಕೆಲವು ಕ್ರಿಮ್ಸನ್ ರೋಸಿನ ವೇಷ ಹಾಕುತ್ತವೆ. ಮೈಯಲ್ಲಿ ಹನಿ ನಂಜಿಲ್ಲ. ತಿಂದದ್ದೆಲ್ಲ ನಮ್ಮ ಒಗ್ಗರಣೆ ಸೊಪ್ಪು. ಆದರೂ ಹಕ್ಕಿ ದೂರ ಸರಿಯುತ್ತದೆ. ಗಂಡಿಗೆ ಈ ಸೌಲಭ್ಯವಿಲ್ಲ, ಅದು ಇದ್ದ ಬಣ್ಣದಲ್ಲೇ ಇರಬೇಕು. ಇದನ್ನು ಕೇಳಿ ಮನೆಯಾಕೆ ನನ್ನ ಕಡೆ ನೋಡಿ ನಕ್ಕದ್ದು ಯಾಕೆಂದು ನಾನು ವಿಚಾರಿಸಲು ಹೋಗಲಿಲ್ಲ.

ಈ ಕ್ರಿಮ್ಸನ್ ರೋಸಿಗೆ ಇನ್ನೊಂದು ಗೌರವ ಉಂಟು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂದು 1972ರದ್ದು ಇದೆಯಲ್ಲ, ಅದರ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಬಹುಕಾಲ ಇದರ ಹೆಸರೂ ಇತ್ತು. ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ, ಒಣಗಿಸಿ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕುವಂತಿಲ್ಲ. ಬಹಳ ಒಳ್ಳೆಯ ಕಾನೂನು. ಆದರೆ ಈಶ್ವರಿ ಬಳ್ಳಿ ಹಬ್ಬಿದ ಬೇಲಿಯನ್ನು ಜೆಸಿಬಿ ತಂದು ಒಂದೇ ಮಧ್ಯಾಹ್ನದಲ್ಲಿ ಸಪಾಟು ಮಾಡಿ ಕಾಂಪೌಂಡು ಕಟ್ಟಿದರೆ ಯಾವ ಪೊಲೀಸರೂ ಬರುವುದಿಲ್ಲ. ಚಿಟ್ಟೆಗೆ ಕಾವಲು ಉಂಟು, ಅದರ ಅನ್ನದ ಬಟ್ಟಲಿಗಿಲ್ಲ.

ಇಷ್ಟೆಲ್ಲ ಗಂಭೀರ ಪಾಠ ನಡೆಯುತ್ತಿರುವಾಗಲೇ ನನ್ನ ಮೇಲೆ ಒಂದು ಘಟನೆ ನಡೆಯಿತು. ಮೇಲೆ ಎಂದರೆ ಅಕ್ಷರಶಃ ಮೇಲೆ. ಬಿಸಿಲಿಗೆ ಟೊಪ್ಪಿ ತೆಗೆದು ತಲೆ ಒರೆಸಿಕೊಳ್ಳಲು ಹೊರಟಿದ್ದೆ. ನನ್ನ ತಲೆಯ ಮಧ್ಯಭಾಗ ನೌಕರಿಯಲ್ಲಿದ್ದಾಗಲೇ ಬಯಲಾದದ್ದು. “ಮಾವ, ಅಲ್ಲಾಡಬೇಡಿ!” ಎಂದು ಹುಡುಗಿ ಕಿರುಚಿದಳು. ಕಂದು ಬಣ್ಣದ ಸಣ್ಣ ಚಿಟ್ಟೆಯೊಂದು ನೆತ್ತಿಯ ಮೇಲೆ ಇಳಿದು, ಸೊಂಡಿಲು ಚಾಚಿ ಬೆವರು ಹೀರುತ್ತಿದೆಯಂತೆ. ಅಲ್ಲಿದ್ದ ಬೇರೆ ಪ್ರವಾಸಿಗಳೂ ಮೊಬೈಲು ಹಿಡಿದು ಸುತ್ತ ನೆರೆದರು. ಒಬ್ಬರು ನನ್ನ ಭುಜ ಒತ್ತಿ ಸ್ವಲ್ಪ ಬಗ್ಗಿಸಿದರು, ಇನ್ನೊಬ್ಬರು ಬೆಳಕು ಸಾಲದೆಂದು ಪೂರ್ವಕ್ಕೆ ತಿರುಗಿಸಿದರು. ಇಷ್ಟು ಜನ ಒಟ್ಟಿಗೆ ನನ್ನ ಫೋಟೋ ತೆಗೆದದ್ದು ಮದುವೆಯ ದಿನವೂ ಇಲ್ಲ. ನನಗೊಬ್ಬನಿಗೆ ಮಾತ್ರ ಏನೂ ಕಾಣುವಂತಿರಲಿಲ್ಲ. ಒಬ್ಬ ತಾಯಿ ತನ್ನ ಮಗುವಿಗೆ, “ನೋಡು, ಅಜ್ಜ ಎಷ್ಟು ಪುಣ್ಯವಂತರು” ಎಂದಳು. ನಾನು ಬಗ್ಗಿದಲ್ಲೇ ಉಬ್ಬಿದೆ.

ಆಮೇಲೆ ಸೊಸೆ ಗುಟ್ಟು ಬಿಚ್ಚಿದಳು. ಅದಕ್ಕೆ ಬೇಕಾದದ್ದು ನಾನಲ್ಲ, ನನ್ನ ಉಪ್ಪು. ಹೂರಸದಲ್ಲಿ ಸಿಹಿ ಸಿಗುತ್ತದೆ, ಉಪ್ಪು ಸಿಗುವುದಿಲ್ಲ. ಅದಕ್ಕೇ ಗಂಡುಚಿಟ್ಟೆಗಳು ತೊರೆಯ ಬದಿಯ ಒದ್ದೆ ಮರಳಿನ ಮೇಲೆ ಗುಂಪುಗೂಡಿ ಕೂರುವುದು. ಕುದುರೆಮುಖದ ಕಡೆಯ ಘಾಟಿಯಲ್ಲಿ ನೀವೂ ಕಂಡಿರಬಹುದು. ಮರಳೇ ಆಗಬೇಕೆಂದಿಲ್ಲ, ಸಗಣಿ, ಮೂತ್ರ, ಸತ್ತ ಏಡಿ, ಎಲ್ಲ ಆಗುತ್ತದೆ. ಹೀಗೆ ಕೂಡಿಟ್ಟ ಉಪ್ಪನ್ನು ಕೂಡುವಾಗ ಹೆಣ್ಣಿಗೆ ಉಡುಗೊರೆ ಕೊಡುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ಅಂದರೆ ಸಗಣಿ, ಮೂತ್ರ, ಸತ್ತ ಏಡಿ, ನನ್ನ ತಲೆ ಎಂದು ಒಂದು ಪಟ್ಟಿ. ಪುಣ್ಯವಂತನೆಂಬ ಹಿಗ್ಗು ಅಲ್ಲಿಗೆ ಇಳಿಯಿತು. ಆದರೂ ಕಾಪುವಿನ ಕಡಲಗಾಳಿಗೆ ಇಷ್ಟು ವರ್ಷ ತಲೆಯೊಡ್ಡಿದ್ದು ಯಾವುದೋ ಒಂದು ಸಂಸಾರದ ವರದಕ್ಷಿಣೆಗೆ ಒದಗಿತಲ್ಲ ಎಂಬ ಸಮಾಧಾನ ಉಂಟು.

ಹಿಂದಿರುಗುವಾಗ ಬೈಲೂರಿನ ಕಡೆ ಗಾಡಿ ತಿರುಗಿಸಿದೆವು. ಅಲ್ಲಿ ನಮ್ಮ ಮೂಲಮನೆ, ದೊಡ್ಡಮ್ಮ ಇರುವುದು ಅಲ್ಲೇ. ಮನೆಯ ಹಿಂದೆ ನಮ್ಮ ಕುಟುಂಬದ ನಾಗಬನ. ತುಳುನಾಡಿನವರಿಗೆ ಬನದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಕತ್ತಿ ತಾಗಿಸಬಾರದು, ಒಣಗಿದ ಕಡ್ಡಿಯನ್ನೂ ಹೊರಗೆ ತರಬಾರದು ಎಂಬ ಹೆದರಿಕೆಯಿಂದ ತಲೆಮಾರುಗಳ ಕಾಲ ಉಳಿದ ಕಾಡಿನ ತುಂಡು. ಸುತ್ತ ಗದ್ದೆಯಾಯಿತು, ತೋಟವಾಯಿತು, ರಬ್ಬರಾಯಿತು. ಬನ ಬನವಾಗಿಯೇ ಇತ್ತು. ಸೊಸೆ ಅದರ ಅಂಚಿನಲ್ಲಿ ನಿಂತು ಒಳಗೆ ಹೋಗದೆಯೇ ಬೆರಳು ಮಡಚಿ ಎಣಿಸತೊಡಗಿದಳು. ಜುಮ್ಮನಕಾಯಿ ಮರ ಉಂಟು. ಬಂದಳಿಕೆ ಉಂಟು. ಕೇಪುಳ ಉಂಟು. ಕಲ್ಲಿನ ಮೇಲೆ ಹಬ್ಬಿದ್ದು ಈಶ್ವರಿ ಬಳ್ಳಿಯೇ. “ಮಾವ, ಬೆಳುವಾಯಿಯಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು ನೆಟ್ಟದ್ದು ಇಲ್ಲಿ ಯಾರೂ ನೆಡದೆ ಉಂಟು” ಎಂದಳು.

ಅವಳಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಜೀರ್ಣೋದ್ಧಾರದ ಚರ್ಚೆ ಶುರುವಾಗಿತ್ತು. ಊರೂರಲ್ಲಿ ಈಗ ಅದೇ ಆಗುತ್ತಿರುವುದು: ಮರ ಕಡಿದು, ನೆಲ ತಟ್ಟು ಮಾಡಿ, ನಾಗನ ಕಲ್ಲುಗಳಿಗೆ ಕಾಂಕ್ರೀಟಿನ ಕಟ್ಟೆ, ಸುತ್ತ ಟೈಲ್ಸು, ಸ್ಟೀಲಿನ ಬೇಲಿ, ದಾನಿಗಳ ಹೆಸರಿನ ಗ್ರಾನೈಟ್ ಫಲಕ. ಅದರ ಮೇಲೆ ಬನ ಎಂದೇ ಬರೆದಿರುತ್ತದೆ. ನಮ್ಮ ಮುಂಬೈಯ ಚಿಕ್ಕಪ್ಪ ಅಂದಾಜುಪಟ್ಟಿಯನ್ನೂ ಕಳಿಸಿದ್ದರು. ದೂರದಲ್ಲಿರುವವರಿಗೆ ಊರಿನ ಮೇಲೆ ಪ್ರೀತಿ ಹೆಚ್ಚು, ಅದನ್ನು ಸಿಮೆಂಟಿನಲ್ಲಿ ತೋರಿಸದೆ ಅವರಿಗೆ ತೃಪ್ತಿಯಿಲ್ಲ.

ದೀಪಾವಳಿಗೆ ಎಲ್ಲರೂ ಸೇರಿದಾಗ ಜಗಲಿಯಲ್ಲಿ ಮಾತುಕತೆ ಆಯಿತು. ಸೊಸೆ ಮೊದಲು ಎದ್ದು ಬರ್ಡ್‌ವಿಂಗ್, 190 ಮಿಲಿಮೀಟರ್, ಆಹಾರಸಸ್ಯ, ಪಶ್ಚಿಮ ಘಟ್ಟ ಎಂದೆಲ್ಲ ವಿವರಿಸಿದಳು. ಹಿರಿಯರು ಕಣ್ಣರಳಿಸಿ ಕೇಳಿದರು. ಕೇಳಿಯಾದ ಮೇಲೆ ಚಿಕ್ಕಪ್ಪ, “ಬಹಳ ಒಳ್ಳೆಯ ಮಾತು ಮಗಾ. ಟೈಲ್ಸಿನ ಸುತ್ತ ಚಟ್ಟಿಯಲ್ಲಿ ಎರಡು ಹೂಗಿಡ ಇಡುವ, ನಿನ್ನ ಚಿಟ್ಟೆಗೂ ಆಯಿತು” ಎಂದರು. ಹೂವಿಗೂ ಎಲೆಗೂ ಇರುವ ವ್ಯತ್ಯಾಸವನ್ನು ಮತ್ತೊಮ್ಮೆ ಮೊದಲಿನಿಂದ ಹೇಳಲು ಅವಳು ಬಾಯಿ ತೆರೆದಳು. ನಾನು ಬೆಂಬಲ ಕೊಡೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನಡುಬಾಗಿಲಿನಿಂದ ದೊಡ್ಡಮ್ಮನ ಸ್ವರ ಕೇಳಿತು. ಮಡಿಯಲ್ಲಿದ್ದುದರಿಂದ ಅವರು ಹೊರಗೆ ಬಂದಿರಲಿಲ್ಲ.

“ಟೈಲ್ಸು ಹಾಕುತ್ತೀರಾ?”

“ಹೌದು ಅತ್ತಿಗೆ, ಒಳ್ಳೆಯ ಕಂಪನಿಯದ್ದು. ಚಂದ ಹೊಳೆಯುತ್ತದೆ.”

“ಹೊಳೆಯಲಿ. ನಾಗ ಅದರ ಮೇಲೆ ಹರಿಯುವುದು ಹೇಗೆ? ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಟೈಲ್ಸಿನಲ್ಲಿ ಮನುಷ್ಯರಿಗೇ ನಿಲ್ಲಲು ಆಗುವುದಿಲ್ಲ. ಅವನು ಜಾರಿ ಬಿದ್ದರೆ ದೋಷ ಯಾರ ತಲೆಗೆ ಬರುತ್ತದೆ ಎಂದು ಬರೆದಿಟ್ಟು ಆಮೇಲೆ ಹಾಕಿಸಿ.”

ಜಗಲಿ ತಣ್ಣಗಾಯಿತು. ಚಿಕ್ಕಪ್ಪ ಅಂದಾಜುಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದರು. ಜಾರದ ಟೈಲ್ಸೂ ಬರುತ್ತದೆ ಎಂದು ಮುಂಬೈಯ ಒಬ್ಬ ಮೈದುನ ಮೆಲ್ಲನೆ ಹೇಳಿದ್ದಕ್ಕೆ, ಅದನ್ನು ನಾಗನಿಗೆ ತಿಳಿಸುವ ಜವಾಬ್ದಾರಿ ನಿನ್ನದಾ ಎಂದು ಯಾರೋ ಕೇಳಿದರು. ಬನ ಸದ್ಯಕ್ಕೆ ಇದ್ದ ಹಾಗೇ ಇರುತ್ತದೆ, ಕಲ್ಲುಗಳ ಎದುರಿನ ಕಸ ಮಾತ್ರ ವರ್ಷಕ್ಕೊಮ್ಮೆ ಕೈಯಿಂದ ಹೆಕ್ಕುವುದು ಎಂದು ತೀರ್ಮಾನ. ಹೆಕ್ಕುವ ಕೆಲಸ, ನಿವೃತ್ತನೂ ಅಲುಗಾಡದೆ ನಿಲ್ಲಬಲ್ಲವನೂ ಎಂಬ ಕಾರಣಕ್ಕೆ, ಸರ್ವಾನುಮತದಿಂದ ನನ್ನ ಪಾಲಿಗೆ ಬಂತು. ಬೈಲೂರಿನ ಕಡೆ ಹೋಗುವವರಿದ್ದರೆ ತಿಳಿಸಿ, ಒಬ್ಬನೇ ಹೋಗಲು ಬೇಸರ. ಬರುವಾಗ ಈಶ್ವರಿ ಬಳ್ಳಿಯ ಬೀಜ ಬೇಕಾದರೆ ದೊಡ್ಡಮ್ಮನನ್ನು ಕೇಳಿ ಕೊಡಿಸುತ್ತೇನೆ. ಹುಳ ಬಂದರೆ ಮದ್ದು ಬಿಡುವುದಿಲ್ಲವೆಂದು ಮೊದಲೇ ಒಪ್ಪಿಕೊಳ್ಳಬೇಕು, ಅಷ್ಟೇ.